ಚಿತ್ರ ಹೇಳುವ ಆರೋಗ್ಯ: ಮಂಗಳೂರಿನ ಹಾದಿ

ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಗಳು ಒಂದೇ ಓಣಿಯಲ್ಲಿ ಕೇಳಿಬರುವ ಮಂಗಳೂರಿನಲ್ಲಿ ಆರೋಗ್ಯ ಶಿಕ್ಷಣ ಬರೀ ಅಕ್ಷರವನ್ನು ನೆಚ್ಚಿ ನಡೆಯುವಂತಿಲ್ಲ. ಮನೆಯಲ್ಲಿ ಬ್ಯಾರಿ ಆಡುವ ಹೆಂಗಸು ಶಾಲೆಯಲ್ಲಿ ಕಲಿತ ಕನ್ನಡದಿಂದ ಕರಪತ್ರ ಓದಿಯಾಳು. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಕಟ್ಟಡ ಕೂಲಿಗೆ ಅದು ಬರೀ ಗೀಟು. ಚಿತ್ರ ಇಬ್ಬರನ್ನೂ ಮುಟ್ಟಬಲ್ಲದು.

ಚಿತ್ರವನ್ನು ಮನೆಮನೆಗೆ ಹಂಚಬಲ್ಲ ತಂತ್ರ ಊರಿಗೆ ಬಂದದ್ದು 1841ರಲ್ಲಿ, ಬಾಸೆಲ್ ಮಿಷನ್ನಿನ ಕಲ್ಲಚ್ಚಿನೊಂದಿಗೆ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಮುದ್ರಣವಾದದ್ದು ಈ ಕಲ್ಲಚ್ಚಿನಲ್ಲೇ. ಮೊಳೆಯಚ್ಚಿಗಿಲ್ಲದ ಅನುಕೂಲವೊಂದು ಅದಕ್ಕಿತ್ತು: ಕೈಬರಹ, ರೇಖೆ ಎರಡೂ ಒಂದೇ ಕಲ್ಲಿನ ಮೇಲೆ ಮೂಡುತ್ತಿದ್ದವು. ರೋಗಿಯ ಆರೈಕೆಯನ್ನು ಈ ಊರಿನ ಕಣ್ಣಿಗೆ ದೊಡ್ಡದಾಗಿ ತೋರಿಸಿದ್ದು ಮಾತ್ರ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಆಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ ಅಲ್ಲಿನ ಚಿತ್ರಗಳಲ್ಲಿ, ರೋಮಿನ ಪ್ಲೇಗ್ ರೋಗಿಗಳ ಸೇವೆಗೆ ನಿಂತ ಅಲೋಶಿಯಸ್ ಇದ್ದಾರೆ. ಪ್ಲೇಗ್ ಮಂಗಳೂರನ್ನೂ ಮುಟ್ಟಿದಾಗ, 1902ರಲ್ಲಿ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಪ್ಲೇಗ್ ಆಸ್ಪತ್ರೆಯನ್ನೇ ತೆರೆಯಬೇಕಾಯಿತು. ರೋಗಿಯನ್ನು ದೂರ ತಳ್ಳಬಾರದೆಂದು ಚಾಪೆಲ್ಲಿನ ಚಿತ್ರ ಹೇಳುತ್ತದೆ. ಇಲಿ, ಚಿಗಟಗಳ ಸುದ್ದಿ ಅದರಲ್ಲಿಲ್ಲ.

ಸ್ವಾತಂತ್ರ್ಯಾನಂತರದ ದಶಕಗಳು ಸರ್ಕಾರಿ ಭಿತ್ತಿಪತ್ರದ ಕಾಲ. 1960ರ ದಶಕದ ಕೊನೆಗೆ ಬಂದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ದೇಶದ ಗೋಡೆಗೋಡೆಯಲ್ಲೂ ನಿಂತಿತು. ಗುರುತಿಸುವುದು ಸುಲಭ, ಆದರೆ ಅದರೊಂದಿಗೆ ಚರ್ಚೆ ಸಾಧ್ಯವಿಲ್ಲ; ಅದು ಆಜ್ಞೆಯ ಚಿತ್ರ.

ಈ ಧೋರಣೆಯನ್ನು ಅಲುಗಿಸಿದ ವಿಚಾರಗಳು ಹೊರಗಿನಿಂದ ಬಂದವು. ಬ್ರೆಜಿಲಿನ ಪಾವ್ಲೊ ಫ್ರೇರೆ ಜನರ ಬದುಕಿನದೇ ದೃಶ್ಯವನ್ನು ಬರೆಸಿ, ಅವರ ಮುಂದಿಟ್ಟು, ‘ಇಲ್ಲಿ ಏನು ನಡೆಯುತ್ತಿದೆ’ ಎಂದು ಕೇಳುವ ಪದ್ಧತಿ ಕಟ್ಟಿದರು. ಡೇವಿಡ್ ವರ್ನರ್ ಮತ್ತು ಬಿಲ್ ಬೋವರ್ 1982ರ ತಮ್ಮ ಪುಸ್ತಕದಲ್ಲಿ ಆರೋಗ್ಯ ಕಾರ್ಯಕರ್ತರೇ ಚಿತ್ರ ಬರೆಯುವುದನ್ನು ಕಲಿಯಬೇಕೆಂದರು. ಅದಕ್ಕೂ ಮುಂಚೆ, 1976ರಲ್ಲಿ, ನೇಪಾಳದ ಹಳ್ಳಿಗಳಲ್ಲಿ ಡಯಾನಾ ಫಸೆಲ್ ಮತ್ತು ಆನೆ ಹಾಲಂಡ್ ನಡೆಸಿದ ಅಧ್ಯಯನ ಇನ್ನೊಂದು ಭ್ರಮೆ ಕಳೆದಿತ್ತು: ಚಿತ್ರ ತಾನಾಗಿ ಅರ್ಥವಾಗುವುದಿಲ್ಲ, ಓದಿನಂತೆ ಅದನ್ನೂ ಕಲಿಯಬೇಕು. ತರಬೇತಿಗಳಲ್ಲಿ ಇಂದಿಗೂ ಹೇಳುವ ಒಂದು ಕಥೆಯುಂಟು. ಆಳೆತ್ತರದ ಸೊಳ್ಳೆಯ ಚಿತ್ರ ಕಂಡ ಹಳ್ಳಿಗರು, ಇಷ್ಟು ದೊಡ್ಡ ಸೊಳ್ಳೆ ನಮ್ಮೂರಿನಲ್ಲಿಲ್ಲ ಎಂದು ನಿಶ್ಚಿಂತರಾದರಂತೆ.

ಜನರೇ ಚಿತ್ರ ಬರೆಯಬೇಕೆಂಬ ವಿಚಾರಕ್ಕೆ ಕರ್ನಾಟಕದಲ್ಲಿ ನೆಲ ಒದಗಿದ್ದು 1990ರ ಆಸುಪಾಸಿನಲ್ಲಿ. ಮೈರಾಡದಂಥ ಸಂಸ್ಥೆಗಳು ಹಳ್ಳಿಯವರ ಕೈಗೆ ರಂಗೋಲಿ ಪುಡಿ ಕೊಟ್ಟು ನೆಲದ ಮೇಲೆ ಊರಿನ ನಕ್ಷೆ ಬರೆಸತೊಡಗಿದವು. ಅದೇ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ಹೊರಟಿತು. ಇಂಥ ಚಿತ್ರ ನಾಯಕತ್ವವನ್ನೂ ಬೆಳೆಸುತ್ತದೆ. ಬಾವಿ ಎಲ್ಲಿ, ಚರಂಡಿ ಎಲ್ಲಿ, ಯಾರ ಮನೆಗೆ ನೀರು ಬರುವುದಿಲ್ಲ ಎಂದು ನೆಲದ ಮೇಲೆ ಗೆರೆ ಎಳೆದ ಹೆಂಗಸು, ಅದನ್ನು ನಾಲ್ಕು ಜನರೆದುರು ವಿವರಿಸಲೇಬೇಕು. ಭಾಷಣ ಕಲಿಸುವ ಎಷ್ಟೋ ಶಿಬಿರಗಳು ಮಾಡದ ಕೆಲಸವನ್ನು ಆ ಗೆರೆ ಮಾಡುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆ ಮಹಿಳೆಯರಿಗೆ ಮೂರನೇ ಒಂದು ಪಾಲು ಸ್ಥಾನ ಕಾಯ್ದಿರಿಸಿದ ಮೇಲಂತೂ ಇಂಥ ಅಭ್ಯಾಸಕ್ಕೆ ಬೇರೆಯೇ ತೂಕ ಬಂತು.

ಮಂಗಳೂರು ನಗರದಲ್ಲಿ ಆರೋಗ್ಯ ಚಿತ್ರದ ನಿಜವಾದ ಪರೀಕ್ಷೆ ಮಲೇರಿಯಾದ್ದು. 1990ರ ದಶಕದಿಂದ ಕಟ್ಟಡಗಳು ಏಳುತ್ತಿದ್ದಂತೆ ಜ್ವರವೂ ಏರಿತು. ಸೊಳ್ಳೆ ಎಂದೊಡನೆ ಕಲಾವಿದರ ಕೈ ಕೊಳಚೆ ಚರಂಡಿ ಬರೆಯುತ್ತದೆ. ಆದರೆ ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಮೊಟ್ಟೆಯಿಡುವುದು ತಿಳಿನೀರಿನಲ್ಲಿ: ತಾರಸಿಯ ಟ್ಯಾಂಕು, ಬಾವಿ, ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು. ಚರಂಡಿಯ ಚಿತ್ರ ನೋಡಿದವರು ಅಂಗಳ ಗುಡಿಸಿ ಸುಮ್ಮನಾದರೆ ತಪ್ಪು ಅವರದಲ್ಲ. 2019ರಲ್ಲಿ ಡೆಂಗಿ ಹರಡಿದಾಗಲೂ ಇದೇ ಪ್ರಶ್ನೆ. ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆಗೆ ಕರಾವಳಿಯಲ್ಲಿ ಹಳೆ ಟಯರಿನಷ್ಟೇ ಅನುಕೂಲ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ತೋಟದ ಹಾಲಿನ ಬಟ್ಟಲು. ಇವನ್ನು ಬರೆಯಲು ಊರು ಬಲ್ಲ ಕೈಯೇ ಬೇಕು.

2015ರಿಂದ ರಾಮಕೃಷ್ಣ ಮಿಷನ್ನಿನ ಸ್ವಚ್ಛ ಮಂಗಳೂರು ಅಭಿಯಾನ ಭಾನುವಾರಗಳಂದು ಸ್ವಯಂಸೇವಕರನ್ನು ಬೀದಿಗಿಳಿಸಿತು. ಕಸ ತೆಗೆದ ಜಾಗಗಳ ಗೋಡೆಗಳಿಗೆ ಚಿತ್ರ ಬಂತು. ಬಣ್ಣ ಬಳಿದವರು ಆ ಮೂಲೆಯನ್ನು ಕಾಯತೊಡಗುತ್ತಾರೆ ಎಂಬುದೇ ಇಂಥ ಚಿತ್ರದ ಬಲ. ಶರದ್ ಶರ್ಮ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ದೇಶದೆಲ್ಲೆಡೆ ಹಬ್ಬಿಸಿದ ನಾಲ್ಕು ಚೌಕದ ಗೋಡೆ ಕಾಮಿಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಚಿತ್ರಕಲೆ ಕಲಿಯದವರೇ ತಮ್ಮ ಕಥೆಯನ್ನು ಎರಡು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿ ಅಂಗಡಿ, ಬಸ್ ನಿಲ್ದಾಣಗಳಲ್ಲಿ ಅಂಟಿಸುತ್ತಾರೆ.

ಸ್ವಚ್ಛ ಮಂಗಳೂರು ಅಭಿಯಾನದ ಆ ವರ್ಷಗಳಲ್ಲೇ ನಗರದ ಮಲೇರಿಯಾ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಕಂಪ್ಯೂಟರ್ ಬಂತು. ಪ್ರತಿ ಮಲೇರಿಯಾ ಪ್ರಕರಣವೂ ನಕ್ಷೆಯ ಮೇಲೆ ಒಂದು ಚುಕ್ಕೆ. ರೋಗಿಯ ಮನೆಯ ಸುತ್ತ ಬೇಗ ಸೊಳ್ಳೆ ಹುಡುಕಲು ಅದು ತುಂಬ ನೆರವಾಗಿದೆ. ಆ ನಕ್ಷೆಯನ್ನು ಓದುವವರು ಸದ್ಯ ಪಾಲಿಕೆಯ ಸಿಬ್ಬಂದಿ ಮತ್ತು ವೈದ್ಯರು. ಚುಕ್ಕೆ ಬಿದ್ದ ಓಣಿಯವರು ಅದನ್ನು ತಮ್ಮ ಅಂಗಳದಲ್ಲಿ ರಂಗೋಲಿಯಿಂದ ಬರೆದು ನೋಡುವ ಕೆಲಸ ಇನ್ನೂ ಬಾಕಿಯಿದೆ.