ಬಳಕೆ ಮುಗಿದ ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗಳಲ್ಲಿ ಏರುಮಡಿ ಕೈತೋಟ: ಸುರಕ್ಷಿತ ಸಿದ್ಧತೆ ಹಾಗೂ ಬೇಸಾಯ ಕ್ರಮಗಳು

ಪೀಠಿಕೆ

ಕೆಟ್ಟುಹೋದ ಫ್ರಿಜ್, ವಾಷಿಂಗ್ ಮೆಷಿನ್ ಮುಂತಾದ ಗೃಹೋಪಯೋಗಿ ಉಪಕರಣಗಳು ಇಂದು ಗ್ರಾಮೀಣ ಮನೆಗಳ ಹಿತ್ತಲಿನಲ್ಲಿಯೂ ರಾಶಿ ಬೀಳುತ್ತಿವೆ. ಇವುಗಳ ಹೊರಕವಚವು ಆಳವಾದ, ಗಟ್ಟಿಯಾದ ಪೆಟ್ಟಿಗೆಯಾಗಿರುವುದರಿಂದ ತರಕಾರಿ ಬೆಳೆಯಲು ಏರುಮಡಿಯಾಗಿ ಬಳಸಬಹುದಾಗಿದೆ. ಕಲ್ಲು ಅಥವಾ ಜಂಬಿಟ್ಟಿಗೆ ಮಣ್ಣಿನ ಹಿತ್ತಲು, ನೀರು ನಿಲ್ಲುವ ಕಪ್ಪು ಮಣ್ಣು, ಚೌಳು ಭೂಮಿ ಹಾಗೂ ಕೋಳಿಗಳ ಕಾಟವಿರುವ ಸ್ಥಳಗಳಲ್ಲಿ ಈ ವಿಧಾನವು ಉಪಯುಕ್ತ. ಸುಮಾರು ಎರಡು ಅಡಿ ಎತ್ತರದಲ್ಲಿ ಮಡಿ ಇರುವುದರಿಂದ ವಯಸ್ಸಾದವರು ಮತ್ತು ಬೆನ್ನುನೋವು ಇರುವವರು ಹೆಚ್ಚು ಬಾಗದೆ ಕಳೆ ಕೀಳಬಹುದು, ಕೊಯ್ಲು ಮಾಡಬಹುದು.

ಆದರೆ ಫ್ರಿಜ್ ಎಂಬುದು ಖಾಲಿ ಪೆಟ್ಟಿಗೆಯಲ್ಲ. ಅದರ ಕೊಳವೆಗಳಲ್ಲಿ ಒತ್ತಡದಲ್ಲಿರುವ ಅನಿಲ, ಕಂಪ್ರೆಸರ್‌ನಲ್ಲಿ ಎಣ್ಣೆ, ಗೋಡೆಗಳಲ್ಲಿ ಫೋಮ್ ಇರುತ್ತವೆ. ಇವುಗಳನ್ನು ಅರಿಯದೆ ನೇರವಾಗಿ ರಂಧ್ರ ಕೊರೆದರೆ ಬೆಂಕಿ ಅವಘಡ ಹಾಗೂ ಪರಿಸರ ಹಾನಿ ಸಂಭವಿಸಬಹುದು. ಆದುದರಿಂದ ಈ ಲೇಖನದಲ್ಲಿ ಬೇಸಾಯ ಕ್ರಮಗಳಿಗಿಂತ ಮೊದಲು ಉಪಕರಣಗಳ ಆಯ್ಕೆ ಮತ್ತು ಸಿದ್ಧತೆಯನ್ನು ವಿವರಿಸಲಾಗಿದೆ.

ಯಾವುದನ್ನು ಬಳಸಬಹುದು?

1. ಫ್ರಿಜ್: ಒಂದು ಬಾಗಿಲಿನ ಫ್ರಿಜ್ಜನ್ನು ಬೆನ್ನಿನ ಮೇಲೆ ಮಲಗಿಸಿದಾಗ ಒಳಭಾಗದಲ್ಲಿ ಸುಮಾರು 1 ಮೀಟರ್ ಉದ್ದ, 45 ಸೆಂ.ಮೀ. ಅಗಲ ಮತ್ತು 35ರಿಂದ 40 ಸೆಂ.ಮೀ. ಆಳದ ಮಡಿ ದೊರೆಯುತ್ತದೆ. ಗೋಡೆಯ ಫೋಮ್ ಬಿಸಿಲಿನ ತಾಪವನ್ನು ತಡೆಯುವುದರಿಂದ ಬೇರಿನ ವಲಯದ ಉಷ್ಣತೆಯಲ್ಲಿ ಏರಿಳಿತ ಕಡಿಮೆ. ಕಂಪ್ರೆಸರ್ ಕೂರಿಸಿದ್ದ ತುದಿಯಲ್ಲಿ ಒಳಗೋಡೆ ಮೆಟ್ಟಿಲಿನಂತೆ ಉಬ್ಬಿರುವುದರಿಂದ ಅಲ್ಲಿ ಆಳ ಕಡಿಮೆ ಇರುತ್ತದೆ. ಆ ಭಾಗವನ್ನು ಸೊಪ್ಪಿಗೆ ಮೀಸಲಿಡಬೇಕು.

2. ಐಸ್‌ಕ್ರೀಂ ಅಂಗಡಿಗಳ ಡೀಪ್ ಫ್ರೀಜರ್: ಮೇಲ್ಭಾಗದಲ್ಲಿ ತೆರೆಯುವುದರಿಂದ ಆಕಾರವು ಮಡಿಗೆ ಸೂಕ್ತ. ಆದರೆ ತಂಪು ಕೊಳವೆಗಳು ನಾಲ್ಕೂ ಗೋಡೆಗಳ ಒಳಗೆ ಸುತ್ತಿಕೊಂಡಿರುತ್ತವೆ. ಅನಿಲ ತೆಗೆದ ನಂತರವೂ ತಳದಲ್ಲಿ ಮಾತ್ರ ರಂಧ್ರ ಕೊರೆಯಬೇಕು.

3. ವಾಷಿಂಗ್ ಮೆಷಿನ್ನಿನ ಸ್ಟೀಲ್ ಡ್ರಮ್: ಇದರಲ್ಲಿ ಅನಿಲವಿಲ್ಲ, ರಂಧ್ರಗಳು ಮೊದಲೇ ಇವೆ, ತುಕ್ಕು ಹಿಡಿಯುವುದು ಕಡಿಮೆ. ಮೊದಲ ಬಾರಿಗೆ ಪ್ರಯತ್ನಿಸುವವರಿಗೆ ಇದೇ ಉತ್ತಮ. ಮೇಲ್ಭಾಗದಲ್ಲಿ ತೆರೆಯುವ ಯಂತ್ರಗಳ ಡ್ರಮ್‌ನ ಬಾಯಿಗೆ ಟೊಳ್ಳಾದ ಪ್ಲಾಸ್ಟಿಕ್ ಬಳೆಯೊಂದನ್ನು ಜೋಡಿಸಿರುತ್ತಾರೆ. ಡ್ರಮ್ ಓಲಾಡದಿರಲೆಂದು ಇದರೊಳಗೆ ಉಪ್ಪುನೀರು ತುಂಬಿರುತ್ತದೆ. ಬಳೆ ಒಡೆದರೆ ಉಪ್ಪು ಮಣ್ಣಿಗೆ ಸೇರಿ ಗಿಡಗಳು ಸುಟ್ಟಂತಾಗುವುದರಿಂದ ಅದನ್ನು ತಪ್ಪದೆ ಬಿಚ್ಚಿ ತೆಗೆಯಬೇಕು.

4. ಏರ್ ಕೂಲರ್‌ನ ಪ್ಲಾಸ್ಟಿಕ್ ತೊಟ್ಟಿ ಮತ್ತು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಪ್ಲಾಸ್ಟಿಕ್ ಟಬ್: ಮೋಟಾರ್, ಪಂಪ್ ಮತ್ತು ವೈರ್‌ಗಳನ್ನು ತೆಗೆದು, ತಳದಲ್ಲಿ ರಂಧ್ರ ಮಾಡಿ ಸೊಪ್ಪು ತರಕಾರಿಗಳಿಗೆ ಬಳಸಬಹುದು. ತಗಡಿನ ಕೂಲರ್ ಆದಲ್ಲಿ ಒಳಮೈಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಹುಳಿ ಮಣ್ಣಿನಲ್ಲಿ ತಗಡಿನ ಸತುವಿನ ಲೇಪ ಬೇಗ ಕರಗುತ್ತದೆ.

ಯಾವುದನ್ನು ಬಳಸಬಾರದು?

• ಹಳೆಯ ಪಿಕ್ಚರ್ ಟ್ಯೂಬ್ ಟಿವಿ: ಗಾಜಿನಲ್ಲಿ ಸೀಸವಿರುತ್ತದೆ.
• ಇನ್ವರ್ಟರ್ ಬ್ಯಾಟರಿ ಮತ್ತು ಅದರ ಪೆಟ್ಟಿಗೆ: ಸೀಸ ಮತ್ತು ಆಮ್ಲದ ಶೇಷ ಉಳಿದಿರುತ್ತದೆ. ಎಷ್ಟು ತೊಳೆದರೂ ಆಹಾರ ಬೆಳೆಗೆ ಯೋಗ್ಯವಲ್ಲ.
• ಮೈಕ್ರೋವೇವ್ ಓವನ್: ಅಧಿಕ ವೋಲ್ಟೇಜಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಪ್ರಾಣಾಪಾಯಕಾರಿ ಆಘಾತ ನೀಡಬಲ್ಲದು. ಮನೆಯಲ್ಲಿ ಬಿಚ್ಚಬಾರದು.
• ಏರ್ ಕಂಡಿಷನರ್: ಅನಿಲದ ಪ್ರಮಾಣ ಹೆಚ್ಚು, ಮಡಿಗೆ ಬೇಕಾದ ಪೆಟ್ಟಿಗೆಯೂ ದೊರೆಯುವುದಿಲ್ಲ.
• ಕೀಟನಾಶಕ, ಬಣ್ಣ ಅಥವಾ ರಾಸಾಯನಿಕಗಳನ್ನು ಸಂಗ್ರಹಿಸಿದ್ದ ಯಾವುದೇ ಫ್ರಿಜ್ ಅಥವಾ ಡ್ರಮ್.

ಫ್ರಿಜ್‌ನ ಅನಿಲ: ಮೊದಲು ತಿಳಿಯಬೇಕಾದ ವಿಷಯ

ಫ್ರಿಜ್‌ನ ಹಿಂಭಾಗದ ಅಥವಾ ಒಳಗೋಡೆಯ ಫಲಕದಲ್ಲಿ, ಇಲ್ಲವೇ ಕಂಪ್ರೆಸರ್ ಮೇಲೆ ಅನಿಲದ ಹೆಸರನ್ನು ಮುದ್ರಿಸಿರುತ್ತಾರೆ. ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಗಳು ಕಂಡುಬರುತ್ತವೆ.

ಆರ್-12: ಬಹಳ ಹಳೆಯ ಫ್ರಿಜ್‌ಗಳಲ್ಲಿರುವ ಕ್ಲೋರೋಫ್ಲೋರೋಕಾರ್ಬನ್. ಇದು ಓಜೋನ್ ಪದರವನ್ನು ನಾಶಪಡಿಸುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಈ ವರ್ಗದ ಅನಿಲಗಳ ಬಳಕೆಯನ್ನು ಹಂತಹಂತವಾಗಿ ಕೈಬಿಡಲಾಯಿತು. ಇಂತಹ ಫ್ರಿಜ್‌ಗಳ ಫೋಮ್‌ನಲ್ಲಿಯೂ ಇದೇ ವರ್ಗದ ಅನಿಲ ಅಡಗಿರುವ ಸಾಧ್ಯತೆ ಇರುವುದರಿಂದ ಇವನ್ನು ಮಡಿಗೆ ಬಳಸದೆ ಇಡಿಯಾಗಿ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದೇ ಸರಿಯಾದ ಕ್ರಮ.

ಆರ್-134ಎ: ಓಜೋನ್‌ಗೆ ಹಾನಿಕರವಲ್ಲ. ಆದರೆ ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ ಇದರ 1 ಕಿ.ಗ್ರಾಂ. ಸುಮಾರು 1,430 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಅಂದರೆ ಫ್ರಿಜ್‌ನಿಂದ 100 ಗ್ರಾಂ ಅನಿಲವನ್ನು ಗಾಳಿಗೆ ಬಿಟ್ಟರೆ ಸುಮಾರು 143 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ.

ಆರ್-600ಎ: ಇದು ಐಸೋಬ್ಯೂಟೇನ್, ಅಡುಗೆ ಅನಿಲದ ಜಾತಿಗೆ ಸೇರಿದ್ದು. ಇತ್ತೀಚಿನ ಫ್ರಿಜ್‌ಗಳಲ್ಲಿ ವ್ಯಾಪಕವಾಗಿದೆ. ಪರಿಸರಕ್ಕೆ ಹಾನಿ ಅತ್ಯಲ್ಪವಾದರೂ ಬೇಗ ಹೊತ್ತಿಕೊಳ್ಳುತ್ತದೆ. ಡ್ರಿಲ್ ಅಥವಾ ಕಟ್ಟರ್‌ನ ಒಂದು ಕಿಡಿ ಸಾಕು.

ಈಗಿನ ಅನೇಕ ಮಾದರಿಗಳಲ್ಲಿ ಕೊಳವೆಗಳು ಪಕ್ಕದ ಗೋಡೆಗಳ ಒಳಗೆ ಹುದುಗಿದ್ದು ಹೊರಗೆ ಕಾಣುವುದಿಲ್ಲ. ಆದುದರಿಂದ ಅನಿಲ ಮತ್ತು ಎಣ್ಣೆಯನ್ನು ತರಬೇತಿ ಪಡೆದ ಫ್ರಿಜ್ ಮೆಕ್ಯಾನಿಕ್‌ನಿಂದ, ಅನಿಲ ಹಿಡಿದಿಡುವ ಸಿಲಿಂಡರ್ ಮತ್ತು ಯಂತ್ರದ ಸಹಾಯದಿಂದಲೇ ಹೊರತೆಗೆಸಬೇಕು. ಕೊಳವೆಯನ್ನು ಕತ್ತರಿಸಿ ಅನಿಲ ಬಿಡುವುದು ಸರಿಯಲ್ಲ. ಅನಿಲ ತೆಗೆದಿರುವ ಬಗ್ಗೆ ಖಚಿತತೆ ಇಲ್ಲದ ಫ್ರಿಜ್‌ಗೆ ಯಾವ ಕಾರಣಕ್ಕೂ ರಂಧ್ರ ಕೊರೆಯಬಾರದು.

ಮನೆಯ ಫ್ರಿಜ್ಜನ್ನು ಬಿಚ್ಚಿಸುವುದಕ್ಕಿಂತ, ರಿಪೇರಿ ಅಂಗಡಿಯಲ್ಲಿ ಕಂಪ್ರೆಸರ್ ಮತ್ತು ಕೊಳವೆಗಳನ್ನು ಈಗಾಗಲೇ ತೆಗೆದಿರುವ ಖಾಲಿ ಕವಚವನ್ನು ಕೇಳಿ ಪಡೆಯುವುದು ಸುಲಭ ಮತ್ತು ಸುರಕ್ಷಿತ. ವಾಷಿಂಗ್ ಮೆಷಿನ್ ಡ್ರಮ್‌ಗಳು ಗುಜರಿ ಅಂಗಡಿಗಳಲ್ಲಿ ಬಿಡಿಯಾಗಿ ದೊರೆಯುತ್ತವೆ.

ಕವಚವನ್ನು ಸಿದ್ಧಪಡಿಸುವ ಹಂತಗಳು

1. ಮೊದಲ ಕೆಲಸವಾಗಿ ಬಾಗಿಲನ್ನು ಸಂಪೂರ್ಣ ಕಳಚಬೇಕು. ಆಟವಾಡುತ್ತ ಒಳಹೊಕ್ಕ ಮಕ್ಕಳು ಬಾಗಿಲು ಮುಚ್ಚಿಕೊಂಡು ಉಸಿರುಗಟ್ಟುವ ಅಪಾಯವಿದೆ. ಕವಚವು ಒಂದು ರಾತ್ರಿಯ ಮಟ್ಟಿಗೆ ಅಂಗಳದಲ್ಲಿದ್ದರೂ ಬಾಗಿಲಿರಬಾರದು.

2. ವೈರ್, ಬಲ್ಬ್, ಥರ್ಮೋಸ್ಟಾಟ್, ಕೆಪಾಸಿಟರ್, ಗಾಜಿನ ತಟ್ಟೆ, ರಬ್ಬರ್ ಪಟ್ಟಿ ಮತ್ತು ಹಿಂಭಾಗದ ಕಪ್ಪು ಜಾಲರಿಯನ್ನು ತೆಗೆಯಬೇಕು.

3. ಎಣ್ಣೆಯ ಕಲೆ ಅಥವಾ ವಾಸನೆ ಇದ್ದಲ್ಲಿ ಸೋಪಿನ ನೀರಿನಿಂದ ಎರಡು ಬಾರಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ತೊಳೆದ ನಂತರವೂ ಎಣ್ಣೆಯ ಜಿಡ್ಡು ಉಳಿದಿದ್ದರೆ ಆ ಕವಚವನ್ನು ಆಹಾರ ಬೆಳೆಗೆ ಬಳಸಬಾರದು.

4. ತಳದಲ್ಲಿ 12ರಿಂದ 16 ಮಿ.ಮೀ. ಅಗಲದ 8ರಿಂದ 10 ರಂಧ್ರಗಳನ್ನು ಕೊರೆಯಬೇಕು. ರಂಧ್ರವು ಒಳಗಿನ ಪ್ಲಾಸ್ಟಿಕ್, ಫೋಮ್ ಮತ್ತು ಹೊರಗಿನ ತಗಡು, ಈ ಮೂರನ್ನೂ ದಾಟಬೇಕು. ಪ್ರತಿ ರಂಧ್ರಕ್ಕೂ ಪಿವಿಸಿ ಕೊಳವೆಯ ತುಂಡನ್ನು ತೂರಿಸಿ, ಅದರ ಮೇಲಂಚು ಒಳತಳಕ್ಕಿಂತ ಮೇಲೇಳದಂತೆ ಕೂರಿಸಿದರೆ ನೀರು ಫೋಮ್‌ನೊಳಗೆ ಇಳಿಯುವುದಿಲ್ಲ, ತಗಡು ಬೇಗ ತುಕ್ಕು ಹಿಡಿಯುವುದಿಲ್ಲ. ಕೊರೆಯುವಾಗ ಮುಖಗವಸು, ಕನ್ನಡಕ ಮತ್ತು ಕೈಗವಸು ಧರಿಸಬೇಕು. ಉದುರಿದ ಫೋಮ್ ಪುಡಿಯನ್ನು ಆರಿಸಿ ತೆಗೆಯಬೇಕು.

5. ಒಳಗಿನ ಪ್ಲಾಸ್ಟಿಕ್ ಗೋಡೆಯನ್ನು ಕೀಳಬಾರದು. ಮಣ್ಣು ಆ ಗೋಡೆಗೆ ಮಾತ್ರ ತಾಗುವಂತಿರಬೇಕು. ಫೋಮ್ ಅಥವಾ ಬಣ್ಣದ ತಗಡಿಗೆ ತಾಗಬಾರದು. ಬಿಸಿಲಿಗೆ ತೆರೆದ ಪ್ಲಾಸ್ಟಿಕ್ ಅಂಚು ಬಿರುಕು ಬಿಡುವುದರಿಂದ ಅದರ ಮೇಲೆ ಗೋಣಿತಾಟು ಹೊದಿಸಬೇಕು.

6. ಕವಚವನ್ನು ಇಟ್ಟಿಗೆ ಅಥವಾ ಸೈಜುಗಲ್ಲಿನ ಮೇಲೆ ನೆಲದಿಂದ 15ರಿಂದ 20 ಸೆಂ.ಮೀ. ಎತ್ತರಕ್ಕೆ, ಒಂದು ಬದಿಗೆ ಅತ್ಯಲ್ಪ ಇಳಿಜಾರಿರುವಂತೆ ಕೂರಿಸಬೇಕು. ಕಂಪ್ರೆಸರ್ ಇದ್ದ ಟೊಳ್ಳಿನಲ್ಲಿ ಹಾವು, ಇಲಿ ಸೇರದಂತೆ ಜಾಲರಿ ಹೊಡೆಯಬೇಕು.

ತಾರಸಿಯ ಮೇಲೆ ಇಡುವವರ ಗಮನಕ್ಕೆ

ಸುಮಾರು 170 ಲೀಟರ್ ಹಿಡಿಸುವ ಕವಚಕ್ಕೆ ಮಣ್ಣಿನ ಮಿಶ್ರಣ ತುಂಬಿ ನೀರುಣಿಸಿದಾಗ ತೂಕ 200 ಕಿ.ಗ್ರಾಂ. ದಾಟುತ್ತದೆ. ಅದು ಆಕ್ರಮಿಸುವ ಜಾಗ ಕೇವಲ 0.6 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರಿಗೆ 350 ಕಿ.ಗ್ರಾಂ.ನಷ್ಟು ಭಾರ. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಸೂಚಿಸುವ ಬಳಕೆಯ ಭಾರ ಪ್ರತಿ ಚದರ ಮೀಟರಿಗೆ ಸುಮಾರು 150 ಕಿ.ಗ್ರಾಂ. ಮಾತ್ರ. ಆದುದರಿಂದ ತುಂಬಿದ ಫ್ರಿಜ್ ಮಡಿಯನ್ನು ನೆಲದ ಮೇಲೆಯೇ ಇಡುವುದು ಸೂಕ್ತ.

ತಾರಸಿಯೇ ಅನಿವಾರ್ಯವಾದಲ್ಲಿ ಎಂಜಿನಿಯರ್ ಸಲಹೆ ಪಡೆದು, ತೊಲೆ ಅಥವಾ ಗೋಡೆಯ ನೇರಕ್ಕೆ ಇಡಬೇಕು. ತಳದಲ್ಲಿ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ಮಗುಚಿಟ್ಟು, ಮೇಲೆ ನೆರಳು ಪರದೆ ಹಾಸಿ, ತೆಂಗಿನ ನಾರಿನ ಪುಡಿ ಹೆಚ್ಚಿರುವ ಹಗುರ ಮಿಶ್ರಣವನ್ನು 20 ಸೆಂ.ಮೀ. ಆಳಕ್ಕೆ ಮಾತ್ರ ತುಂಬಬೇಕು. ಮಳೆಗಾಲದಲ್ಲಿ ರಂಧ್ರ ಕಟ್ಟಿಕೊಂಡರೆ ಇಡೀ ಪೆಟ್ಟಿಗೆ ನೀರಿನ ತೊಟ್ಟಿಯಾಗುವುದರಿಂದ ವಾರಕ್ಕೊಮ್ಮೆ ಪರೀಕ್ಷಿಸಬೇಕು.

ಮಣ್ಣಿನ ಮಿಶ್ರಣ

ರಂಧ್ರಗಳ ಮೇಲೆ ಹೆಂಚಿನ ಚೂರು ಅಥವಾ ನೆರಳು ಪರದೆಯ ತುಂಡನ್ನಿಟ್ಟು, ತಳದ 10 ಸೆಂ.ಮೀ.ನಷ್ಟು ಒಣ ತೆಂಗಿನ ಸಿಪ್ಪೆ ಅಥವಾ ತರಗೆಲೆ ಹರಡಬೇಕು. ಇದರ ಮೇಲೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಹಾಗೂ ತೊಳೆದ ತೆಂಗಿನ ನಾರಿನ ಪುಡಿಯನ್ನು ಗಾತ್ರದಲ್ಲಿ ಸಮಪ್ರಮಾಣದಲ್ಲಿ ಬೆರೆಸಿ ತುಂಬಬೇಕು. ಒಂದು ಮಡಿಗೆ 500 ಗ್ರಾಂ ಬೇವಿನ ಹಿಂಡಿ ಮತ್ತು 50 ಗ್ರಾಂ ಟ್ರೈಕೋಡರ್ಮಾ ಸೇರಿಸಬೇಕು. ಕಪ್ಪು ಮಣ್ಣನ್ನೇ ಬಳಸಬೇಕಾದಲ್ಲಿ ಅದರ ಪ್ರಮಾಣವನ್ನು ತಗ್ಗಿಸಿ ಮರಳು ಸೇರಿಸಬೇಕು. ಅಂಚಿನಿಂದ 4ರಿಂದ 5 ಸೆಂ.ಮೀ. ಖಾಲಿ ಬಿಟ್ಟು, ನೀರುಣಿಸಿ, ಒಂದು ವಾರದ ನಂತರ ಬಿತ್ತನೆ ಮಾಡಬೇಕು. ಡ್ರಮ್ ಆದಲ್ಲಿ ಒಳಮೈಗೆ ಗೋಣಿತಾಟು ಹೊದಿಸಿದರೆ ಮಣ್ಣು ರಂಧ್ರಗಳಿಂದ ಸೋರುವುದಿಲ್ಲ.

ಬೆಳೆಗಳ ಆಯ್ಕೆ

• 15ರಿಂದ 20 ಸೆಂ.ಮೀ. ಆಳ: ಮೆಂತ್ಯ, ಕೊತ್ತಂಬರಿ (ಅರ್ಕಾ ಇಶಾ), ಹರಿವೆ (ಅರ್ಕಾ ಸುಗುಣ), ಪಾಲಕ್ (ಅರ್ಕಾ ಅನುಪಮ), ಪುದೀನ.
• 25ರಿಂದ 30 ಸೆಂ.ಮೀ. ಆಳ: ಮೂಲಂಗಿ, ಬೀಟ್‌ರೂಟ್, ಈರುಳ್ಳಿ, ಹುರುಳಿಕಾಯಿ.
• 30 ಸೆಂ.ಮೀ.ಗಿಂತ ಹೆಚ್ಚು: ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಬೆಂಡೆ. ಒಂದು ಫ್ರಿಜ್ ಮಡಿಗೆ ಟೊಮ್ಯಾಟೊ ಅಥವಾ ಬದನೆಯ 2 ಗಿಡಗಳು ಸಾಕು. ನಡುವೆ ಕೊತ್ತಂಬರಿ ಬಿತ್ತಬಹುದು.

45 ಸೆಂ.ಮೀ. ಅಗಲದಲ್ಲಿ 15 ಸೆಂ.ಮೀ. ಅಂತರದ 3 ಸಾಲು ಸೊಪ್ಪು ಹಿಡಿಸುತ್ತದೆ. ಮೂರೂ ಸಾಲುಗಳನ್ನು ಒಂದೇ ದಿನ ಬಿತ್ತದೆ, 10 ದಿನಗಳ ಅಂತರದಲ್ಲಿ ಒಂದೊಂದಾಗಿ ಬಿತ್ತಿದರೆ ಮೆಂತ್ಯ ಮತ್ತು ಹರಿವೆ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬಂದು ಸರದಿಯಂತೆ ದೊರೆಯುತ್ತಿರುತ್ತವೆ. ಒಂದೇ ಮಡಿಯಿಂದ ಕುಟುಂಬದ ಪೂರ್ಣ ತರಕಾರಿ ಅಗತ್ಯ ನೀಗುವುದಿಲ್ಲ. ಸೊಪ್ಪಿನ ಅಗತ್ಯದ ಒಂದು ಪಾಲನ್ನು ಪೂರೈಸಬಹುದು.

ನಿರ್ವಹಣೆ

ದಿನಕ್ಕೆ ಕನಿಷ್ಠ 5ರಿಂದ 6 ಗಂಟೆ ಬಿಸಿಲು ಬೀಳುವ ಸ್ಥಳವನ್ನು ಆರಿಸಬೇಕು. ನೀರುಣಿಸುವ ಮೊದಲು ಬೆರಳನ್ನು ಮಣ್ಣಿಗೆ ಇಳಿಸಿ ನೋಡಬೇಕು, 3 ಸೆಂ.ಮೀ. ಕೆಳಗೆ ತೇವವಿದ್ದರೆ ನೀರು ಬೇಡ. ಫ್ರಿಜ್ ಗೋಡೆ ಬೆವರುವುದಿಲ್ಲ. ಮಣ್ಣಿನ ಕುಂಡಕ್ಕೆ ಕೊಡುವಷ್ಟು ನೀರು ಇಲ್ಲಿ ಕೊಟ್ಟರೆ ಬೇರು ಕೊಳೆಯುತ್ತದೆ. ಸ್ಟೀಲ್ ಡ್ರಮ್ ಇದಕ್ಕೆ ವಿರುದ್ಧ: ಬೇಗ ಕಾದು ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಹುಲ್ಲಿನ ಹೊದಿಕೆ ಮತ್ತು ಶೇ. 50ರ ನೆರಳು ಪರದೆ ಅಗತ್ಯ. ಮಲೆನಾಡು ಮತ್ತು ಕರಾವಳಿಯಲ್ಲಿ ಮುಂಗಾರಿನ ಅವಧಿಗೆ ಮೇಲೆ ಪಾಲಿಥಿನ್ ಹಾಳೆಯ ಚಪ್ಪರ ಹಾಕಬೇಕು.

ಗಡಸು ಕೊಳವೆಬಾವಿ ನೀರು ಬಳಸುವಲ್ಲಿ ಮಣ್ಣಿನ ಮೇಲೆ ಬಿಳಿ ಪದರ ಕಂಡುಬಂದರೆ, ಮಳೆನೀರು ಅಥವಾ ಸಿಹಿನೀರನ್ನು ತಳದಿಂದ ಧಾರಾಳವಾಗಿ ಬಸಿಯುವವರೆಗೆ ಹಾಯಿಸಬೇಕು. ಪ್ರತಿ ಕೊಯ್ಲಿನ ನಂತರ 1 ಕಿ.ಗ್ರಾಂ. ಎರೆಹುಳು ಗೊಬ್ಬರ ಬೆರೆಸಬೇಕು. 15 ದಿನಗಳಿಗೊಮ್ಮೆ 1 ಲೀಟರ್ ಜೀವಾಮೃತಕ್ಕೆ 10 ಲೀಟರ್ ನೀರು ಬೆರೆಸಿ ಬುಡಕ್ಕೆ ಕೊಡಬಹುದು. ಹೇನು ಮತ್ತು ಬಿಳಿನೊಣ ಕಂಡಾಗ ಹಳದಿ ಅಂಟುಬಲೆ ತೂಗುಹಾಕಿ, ಪ್ರತಿ ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಬೆರೆಸಿ ಸಂಜೆ ಸಿಂಪಡಿಸಬೇಕು. ಮಣ್ಣು ತುಂಬದೆ ಬಿಟ್ಟ ಟಬ್‌ಗಳಲ್ಲಿ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದರಿಂದ ಅವನ್ನು ಮಗುಚಿಡಬೇಕು.

ಉಳಿದ ಭಾಗಗಳ ವಿಲೇವಾರಿ

ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗಳು ಏಪ್ರಿಲ್ 1, 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ವ್ಯಾಪ್ತಿಗೆ ಬರುತ್ತವೆ. ಮರುಬಳಕೆಯ ಹೊಣೆಯನ್ನು ಈ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಕಂಪ್ರೆಸರ್, ಮೋಟಾರ್, ಸರ್ಕ್ಯೂಟ್ ಬೋರ್ಡ್ ಹಾಗೂ ವೈರ್‌ಗಳನ್ನು ಕಂಪನಿಯ ಸಂಗ್ರಹಣಾ ಕೇಂದ್ರಕ್ಕೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ನೀಡಬೇಕು. ತಾಮ್ರಕ್ಕಾಗಿ ವೈರ್ ಸುಡುವುದು, ಫೋಮ್ ಸುಡುವುದು ಅಪಾಯಕಾರಿ; ಫೋಮ್ ಉರಿದಾಗ ಹೈಡ್ರೋಜನ್ ಸಯನೈಡ್‌ನಂತಹ ವಿಷಾನಿಲ ಹೊರಬರುತ್ತದೆ. ತುಕ್ಕು ಹಿಡಿದು ಒಳಗೋಡೆ ಬಿರಿದ ಮಡಿಯ ಮಣ್ಣನ್ನು ತೆಗೆದು, ಕವಚವನ್ನೂ ಇದೇ ಮಾರ್ಗದಲ್ಲಿ ಒಪ್ಪಿಸಬೇಕು. ಹೊಲದ ಬದುವಿನಲ್ಲಿ ಎಸೆಯಬಾರದು, ಹೂಳಬಾರದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಪ್ರಾತ್ಯಕ್ಷಿಕೆಗಳನ್ನು ವಾಷಿಂಗ್ ಮೆಷಿನ್ ಡ್ರಮ್‌ನಿಂದ ಆರಂಭಿಸಬೇಕು. ಫ್ರಿಜ್ ಕವಚ ಬಳಸುವಲ್ಲಿ ಗ್ರಾಮಸ್ಥರ ಮುಂದೆ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆದ ನಂತರವೇ ಡ್ರಿಲ್ ಹಿಡಿಯಬೇಕು: ಅನಿಲವನ್ನು ಯಾರು ತೆಗೆದರು? ಎಣ್ಣೆ ಎಲ್ಲಿಗೆ ಹೋಯಿತು? ಬಾಗಿಲು ಕಳಚಿದೆಯೇ? ಮಡಿ ಎಲ್ಲಿ ಕೂರುತ್ತದೆ? ಇವುಗಳಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ಆ ಫ್ರಿಜ್ಜನ್ನು ಬದಿಗಿರಿಸಬೇಕು. ಮಣ್ಣು ಪರೀಕ್ಷೆ ಹಾಗೂ ಬೀಜದ ಲಭ್ಯತೆಯ ಕುರಿತು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.