ಘಟ್ಟ, ಇಂಧನ ಮತ್ತು ಪಿಸ್ಟನ್: ಮಲೆನಾಡಿನ ಎಂಜಿನ್ನುಗಳ ಚರಿತ್ರೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮೋಟಾರು ಚರಿತ್ರೆಯನ್ನು ಸಾಮಾನ್ಯವಾಗಿ ರಸ್ತೆಗಳ ಮತ್ತು ಬಸ್ಸುಗಳ ಚರಿತ್ರೆಯೆಂದೇ ಹೇಳುವುದು ವಾಡಿಕೆ. ಆದರೆ ಆಗುಂಬೆ, ಹುಲಿಕಲ್ಲು, ಗೇರುಸೊಪ್ಪೆ ಘಟ್ಟಗಳನ್ನು ಹತ್ತಿಳಿಯಬೇಕಾದ ಸೀಮೆಯಲ್ಲಿ ವಾಹನದ ಯೋಗ್ಯತೆಯನ್ನು ನಿರ್ಧರಿಸಿದ್ದು ಎಂಜಿನ್ನಿನೊಳಗಿನ ಒಂದು ಸಂಖ್ಯೆ. ಆ ಸಂಖ್ಯೆಯನ್ನು ನಿರ್ಧರಿಸಿದ್ದು ಆಯಾ ಕಾಲದಲ್ಲಿ ದೊರೆತ ಇಂಧನ.

ಪಿಸ್ಟನ್ ಕೆಳತುದಿಯಲ್ಲಿರುವಾಗ ಸಿಲಿಂಡರಿನಲ್ಲಿರುವ ಒಟ್ಟು ಜಾಗಕ್ಕೂ, ಅದು ಮೇಲ್ತುದಿಗೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣವೇ ಆ ಸಂಖ್ಯೆ, ಅಂದರೆ ಸಂಪೀಡನ ಅನುಪಾತ. ಗ್ಯಾರೇಜಿನ ಮಾತಿನಲ್ಲಿ ಇದು ಬರಿಯ ‘ಕಂಪ್ರೆಶನ್’. ಈ ಅನುಪಾತ ಹೆಚ್ಚಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಅದು ಮಿತಿ ಮೀರಿದರೆ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡು ಲೋಹದ ಮೇಲೆ ಬಡಿದಂಥ ಸದ್ದು ಹೊರಡಿಸುತ್ತದೆ. ‘ನಾಕಿಂಗ್’ ಎನ್ನುವುದು ಇದನ್ನೇ. ಇದನ್ನು ತಾಳಿಕೊಳ್ಳುವ ಪೆಟ್ರೋಲಿನ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲ ಅನಿಲಕ್ಕೆ ಹೊರಳಿದವು. ಇದ್ದಿಲು ಮಲೆನಾಡಿಗೆ ಹೊಸದಾಗಿರಲಿಲ್ಲ. 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದೂ ಕಾಡಿನ ಇದ್ದಿಲಿನಿಂದಲೇ. ಬಸ್ಸಿಗೆ ಕಟ್ಟಿದ ಒಲೆಯಲ್ಲಿ ಕಡಿಮೆ ಗಾಳಿಯೊಂದಿಗೆ ಇದ್ದಿಲನ್ನು ಉರಿಸಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡೇ ಇಲ್ಲಿ ಮುಖ್ಯ ಇಂಧನವಾಗಿತ್ತು. ಅದರೊಂದಿಗೆ ಉರಿಯದ ನೈಟ್ರೋಜನ್ ಹೇರಳವಾಗಿ ಬೆರೆತಿರುತ್ತಿದ್ದುದರಿಂದ ಎಂಜಿನ್ನಿನ ಬಲ ಬಹಳವಾಗಿ ಕುಗ್ಗುತ್ತಿತ್ತು. ಬಯಲಿನಲ್ಲಿ ಹೇಗೋ ಸಾಗುವ ಗಾಡಿಗೆ ಏರುದಾರಿಯಲ್ಲಿ ಈ ಕೊರತೆ ದೊಡ್ಡದಾಗಿಯೇ ತೋರುವಂಥದು. ಆದರೆ ಇದ್ದಿಲ ಅನಿಲ ನಾಕಿಂಗನ್ನು ಪೆಟ್ರೋಲಿಗಿಂತ ಚೆನ್ನಾಗಿ ತಾಳುತ್ತದೆ. ಆದಕಾರಣ ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ತೆಳುವಾಗಿ ಕೆತ್ತಿಸಿಯೋ ಎತ್ತರದ ತಲೆಯ ಪಿಸ್ಟನ್ನುಗಳನ್ನು ಕೂರಿಸಿಯೋ ಅನುಪಾತವನ್ನು ಏರಿಸಿ, ಕಳೆದುಹೋದ ಬಲದ ಒಂದು ಪಾಲನ್ನು ಮರಳಿ ಪಡೆಯುವ ದಾರಿಯನ್ನು ಆ ಕಾಲದ ಎಂಜಿನಿಯರಿಂಗ್ ಜಗತ್ತು ಕಂಡುಕೊಂಡಿತ್ತು.

ಸ್ವಾತಂತ್ರ್ಯಾನಂತರ ಮಲೆನಾಡಿನ ದಾರಿಗಳಿಗೆ ಒಗ್ಗಿಕೊಂಡ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಸಾಮಾನ್ಯ ಅನುಪಾತ 6.9. ಪಿಸ್ಟನ್ ಬದಲಿಸುವುದರ ಅರ್ಥ ಇನ್ನೂ ಸ್ಪಷ್ಟವಾಗುವುದು ಅಂಬಾಸಿಡರ್ ಕಾರಿನ 1489 ಸಿಸಿ ಎಂಜಿನ್ನಿನಲ್ಲಿ. ಇಂಗ್ಲೆಂಡಿನ ಬಿಎಂಸಿ ಕಂಪನಿ ರೂಪಿಸಿದ ಈ ಎಂಜಿನ್ನನ್ನು ಕೆಳಮಟ್ಟದ ಪೆಟ್ರೋಲಿಗಾಗಿ 7.2ರ ಮತ್ತು ಉತ್ತಮ ಪೆಟ್ರೋಲಿಗಾಗಿ 8.3ರ ಅನುಪಾತಗಳಲ್ಲಿ ತಯಾರಿಸಲಾಗುತ್ತಿತ್ತು. ಎರಡಕ್ಕೂ ಇದ್ದ ಮುಖ್ಯ ವ್ಯತ್ಯಾಸ ಪಿಸ್ಟನ್ನಿನ ತಲೆಯ ಆಕಾರದ್ದು. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಪ್ರತಿ ಸಿಲಿಂಡರಿನ ಮೇಲ್ತುದಿಯಲ್ಲಿ ಉಳಿಯುವ ಜಾಗ ಸುಮಾರು 60 ಸಿಸಿ, ಎರಡನೆಯದರಲ್ಲಿ 51 ಸಿಸಿ. ಎರಡು ಟೀ ಚಮಚ ನೀರಿಗೂ ಸಾಲದ ಈ 9 ಸಿಸಿ ಜಾಗದಲ್ಲಿಯೇ ಒಂದು ಎಂಜಿನ್ನಿಗೂ ಇನ್ನೊಂದಕ್ಕೂ ಇರುವ ಅಂತರವೆಲ್ಲ ಅಡಗಿದೆ.

ಬೇರೆ ಪಿಸ್ಟನ್ ಹುಡುಕದಿದ್ದರೂ ಅನುಪಾತ ತುಸು ಬದಲಾಗುವುದುಂಟು. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಒಂದು ಇಂಚಿನ ಸಾವಿರ ಭಾಗಗಳಲ್ಲಿ 40 ಭಾಗದಷ್ಟು ದೊಡ್ಡದಾದ, ಅದೇ ಆಕಾರದ ತಲೆಯ ಪಿಸ್ಟನ್ ಕೂರಿಸಿದರೆ 7.2ರ ಎಂಜಿನ್ ಸುಮಾರು 7.4ಕ್ಕೆ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ 7ರಷ್ಟು ಕಡಿಮೆಯಿರುವುದರಿಂದ ಅಲ್ಲಿ ಇಷ್ಟು ಏರಿಕೆಯನ್ನು ಎಂಜಿನ್ ಸುಲಭವಾಗಿ ತಾಳಬಲ್ಲದು. ಅದೇ ಗಾಡಿ ಘಟ್ಟವಿಳಿದು ಸೋಮೇಶ್ವರದ ಸೆಕೆಯಲ್ಲಿ ಭಾರ ಹೊತ್ತು ಓಡುವಾಗ ನಾಕಿಂಗಿನ ಸಾಧ್ಯತೆ ಹೆಚ್ಚು. ಹೀಗಾಗಿ ಪಿಸ್ಟನ್ ಬದಲಿಸುವ ಕಸುಬೆಂದರೆ ಬರಿಯ ಬಲ ಹೆಚ್ಚಿಸುವ ವಿದ್ಯೆಯಲ್ಲ, ಇಂಧನ, ಎತ್ತರ ಮತ್ತು ಭಾರಗಳನ್ನು ತೂಗಿ ನೋಡುವ ವಿವೇಕ.

ಡೀಸೆಲ್ಲಿನ ಆಗಮನದಿಂದ ಈ ಲೆಕ್ಕವೇ ಬದಲಾಯಿತು. ಸುಮಾರು 1980ರಲ್ಲಿ ಬಂದ ಡೀಸೆಲ್ ಅಂಬಾಸಿಡರಿನ ಎಂಜಿನ್ ಕೂಡ 1489 ಸಿಸಿಯದೇ, ಸಿಲಿಂಡರಿನ ಅಳತೆಯೂ ಅದೇ. ಆದರೆ ಕಿಡಿಯಿಲ್ಲದೆ ಬರಿಯ ಗಾಳಿಯ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕಾದುದರಿಂದ ಅದರ ಅನುಪಾತ 20ನ್ನು ಮೀರಿತ್ತು. ಹೆಡ್ಡು, ಇಂಧನ ಚಿಮ್ಮಿಸುವ ಪಂಪು ಎಲ್ಲವೂ ಬೇರೆಯಾದ ಇಂಥ ಎಂಜಿನ್ನಿನ ಮುಂದೆ ಪಿಸ್ಟನ್ ಮಾತ್ರ ಬದಲಿಸುವ ಉಪಾಯ ನಿಷ್ಪ್ರಯೋಜಕವಾಯಿತು. ಬಲ ಬೇಕಾದರೆ ಇಡೀ ಎಂಜಿನ್ನನ್ನೇ ಬದಲಿಸಬೇಕಾಯಿತು.

ಇದ್ದಿಲಿನಿಂದ ಡೀಸೆಲ್ಲಿನವರೆಗಿನ ಈ ಪಯಣಕ್ಕೆ ಶಾಸನಗಳ ಸಾಕ್ಷಿಯಿಲ್ಲ. ಸಾಕ್ಷಿಯಿರುವುದು ತಲೆಯ ಮೇಲೆ ಅಳತೆಯ ಅಂಕಿ ಒತ್ತಿದ ಹಳೆಯ ಪಿಸ್ಟನ್ನುಗಳಲ್ಲಿ, ಲೇತ್ ಕೆಲಸಗಾರರ ಲೆಕ್ಕದ ಪುಸ್ತಕಗಳಲ್ಲಿ ಮತ್ತು ಕಿವಿಯಿಂದಲೇ ನಾಕಿಂಗ್ ಗುರುತಿಸಬಲ್ಲ ಹಿರಿಯ ಮೆಕ್ಯಾನಿಕರ ನೆನಪಿನಲ್ಲಿ. ಇವು ಗುಜರಿಗೂ ಮರೆವಿಗೂ ಸೇರುವ ಮುನ್ನ, ತಾಳೆಗರಿಗಳನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ಇವನ್ನೂ ಸಂಗ್ರಹಿಸಿ ದಾಖಲಿಸುವುದು ಮಲೆನಾಡಿನ ಇತಿಹಾಸಾಸಕ್ತರ ಕರ್ತವ್ಯವಾಗಿದೆ.