ಸಂಚಿಯ ಹೊಲಿಗೆ, ಹೊನ್ನಮ್ಮನ ಓದು

ಹನೂರು ತಾಲೂಕಿನ ಶಾಗ್ಯದ ಸೀಮೆಯಲ್ಲಿ, ಹಳೇ ಮೈಸೂರಿನ ಎಲ್ಲ ಕಡೆಯಂತೆ, ಹಿಂದಿನ ತಲೆಮಾರಿನವರಿಗೆ ಎಲೆಅಡಿಕೆ ಸಂಚಿ ಬಿಟ್ಟು ಇರಲಾಗದು. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಬಾಯಿ ಬಿಗಿಯಲು ಒಂದು ದಾರ. ಹೊಲಿಗೆ ಯಂತ್ರ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೆ ಮುಂಚಿನ ಸಂಚಿಯ ಪ್ರತಿ ಹೊಲಿಗೆಯೂ ಕೈಯದೇ. ಇಂಥದೊಂದು ಚೀಲ ಕನ್ನಡ ಸಾಹಿತ್ಯ ಚರಿತ್ರೆಯಲ್ಲೂ ಸ್ಥಾನ ಪಡೆದಿದೆ.

ಶಾಗ್ಯದಿಂದ ಕೊಳ್ಳೇಗಾಲಕ್ಕೆ ಬಂದು ಮುಂದೆ ಸಾಗಿದರೆ ಯಳಂದೂರು. ಸಂಚಿ ಹೊನ್ನಮ್ಮ ಈ ಊರಿನವಳು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ರಾಣಿ ದೇವಾಜಮ್ಮಣ್ಣಿಯ ತಾಂಬೂಲದ ಸಂಚಿ ಹಿಡಿಯುವುದು ಅವಳ ಊಳಿಗ. ಆ ಊಳಿಗದ ನಡುವೆಯೇ ಅವಳು ವಿದ್ಯೆ ಕಲಿತಳು. ಅಳಸಿಂಗರಾಯ ಅವಳ ಗುರು. ಅವಳು ಬರೆದ ‘ಹದಿಬದೆಯ ಧರ್ಮ’ 9 ಸಂಧಿಗಳ ಸಾಂಗತ್ಯ ಕಾವ್ಯ. ಹದಿಬದೆ ಎಂದರೆ ಪತಿವ್ರತೆ.

ಅಂದಿನ ಪುಸ್ತಕಕ್ಕೂ ಬಟ್ಟೆ, ದಾರಗಳಿಗೂ ನಂಟು ಇತ್ತು. ಓಲೆಗರಿಯ ಮೇಲೆ ಮೊನಚಾದ ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಕಪ್ಪು ಸವರಿ, ಗರಿಗಳ ತೂತಿನಲ್ಲಿ ದಾರ ಪೋಣಿಸಿ ಕಟ್ಟುತ್ತಿದ್ದರು. ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕಡತವಂತೂ ಬಟ್ಟೆಯೇ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬರೆಯುವುದಕ್ಕೂ ಓದುವುದಕ್ಕೂ ಹೊಲಿಗೆಯಷ್ಟೇ ತಾಳ್ಮೆ ಬೇಕಾಗಿತ್ತು.

ಸಾಂಗತ್ಯ ಹಾಡಲು ಒಗ್ಗುವ ಮಟ್ಟು. ಒಬ್ಬರು ರಾಗವಾಗಿ ಓದಿದರೆ ಉಳಿದವರು ಕುಳಿತು ಕೇಳಬಹುದು. ಕಿವಿ ಕಾವ್ಯದ ಕಡೆಗಿದ್ದಾಗ ಕೈಗಳಿಗೆ ಬಿಡುವು. ಆ ಕೈ ಹೂ ಕಟ್ಟಬಹುದು, ಬತ್ತಿ ಹೊಸೆಯಬಹುದು, ಹಳೆ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯಬಹುದು. ಮೌನವಾಗಿ ಒಬ್ಬರೇ ಓದುವವರಿಗೆ ಈ ಅನುಕೂಲವಿಲ್ಲ. ಪುಸ್ತಕ ಕೈ ಬಿಡುವುದಿಲ್ಲ, ಸೂಜಿ ಕಣ್ಣು ಬಿಡುವುದಿಲ್ಲ.

ಹೊನ್ನಮ್ಮನ ಕಾವ್ಯ ಬಹುಮಟ್ಟಿಗೆ ಗೃಹಿಣಿಗೆ ಹೇಳುವ ಬುದ್ಧಿಮಾತು. ಗಂಡನ ಸೇವೆ, ಅತ್ತೆ ಮಾವಂದಿರ ಉಪಚಾರ, ಮನೆಗೆಲಸದ ಅಚ್ಚುಕಟ್ಟು ಎಲ್ಲವೂ ಅಲ್ಲಿವೆ. ಆದರೆ ನಡುವೆ ಅವಳು ತಟ್ಟನೆ ಒಂದು ಪ್ರಶ್ನೆ ಹಾಕುತ್ತಾಳೆ. ಹೆತ್ತವಳೂ ಹೆಣ್ಣು, ಸಾಕಿದವಳೂ ಹೆಣ್ಣು ಆಗಿರುವಾಗ ಹೆಣ್ಣನ್ನು ಕೀಳಾಗಿ ಕಾಣುವುದೇಕೆ ಎಂಬ ಆ ಪ್ರಶ್ನೆಯಿಂದಲೇ ಅವಳು ಇಂದಿಗೂ ಹೆಚ್ಚಿನವರಿಗೆ ಪರಿಚಿತಳು. ಊಳಿಗದ ಹೆಣ್ಣಿಗೆ ಅಕ್ಷರ ಸಿಕ್ಕದ್ದರಿಂದ ಆ ಮಾತು ಮುನ್ನೂರು ವರ್ಷ ಉಳಿಯಿತು.

ಅಕ್ಷರ ಸಿಗದವರ ಕೈಕೆಲಸಕ್ಕೆ ಈ ಭಾಗ್ಯವಿಲ್ಲ. ಕೌದಿಯ ಅಂಚಿನಲ್ಲಿ ಹೊಲಿದವಳ ಹೆಸರು ಇರುವುದಿಲ್ಲ. ಹೊದ್ದು ಹೊದ್ದು ಹರಿದ ಮೇಲೆ ಅದು ಒರಸು ಬಟ್ಟೆಯಾಗುತ್ತದೆ. ಹೊನ್ನಮ್ಮ ಹಿಡಿದ ಸಂಚಿ ಯಾರು ಹೊಲಿದದ್ದೋ, ಎಂದು ಹರಿಯಿತೋ. ಅವಳ ಹೆಸರಿನ ಮುಂದೆ ಮಾತ್ರ ಅದು ಇನ್ನೂ ಭದ್ರವಾಗಿದೆ.